ಸೈಕಲ್ ಸವಾರನಿಗೆ ದಾರಿ ಬಿಡಬೇಕು

ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸುವುದಕ್ಕೆ ಕಾಲು ಗಂಟೆ ಮೊದಲು ನಗರದ ಯಾವುದೇ ಶಾಲೆಯ ಹೆಬ್ಬಾಗಿಲಿನ ಮುಂದೆ ನಿಂತು ನೋಡಿದರೆ ಆ ನಗರದ ಸಂಚಾರ ವ್ಯವಸ್ಥೆಯ ದೋಷಗಳೆಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಕಾರುಗಳು ರಸ್ತೆಯ ಅರ್ಧವನ್ನು ಆಕ್ರಮಿಸಿ ನಿಂತಿರುತ್ತವೆ. ಆಟೋಗಳೂ ಸ್ಕೂಟರುಗಳೂ ಉಳಿದರ್ಧಕ್ಕಾಗಿ ಸೆಣಸುತ್ತಿರುತ್ತವೆ. ಅವುಗಳ ನಡುವೆ ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಬಾಲಕಿಯೊಬ್ಬಳು ಒಂದು ಕಾಲನ್ನು ನೆಲಕ್ಕೂರಿ, ಸೈಕಲ್ಲನ್ನು ಹಿಡಿದು, ದಾರಿ ಸಿಗುವುದನ್ನೇ ಕಾಯುತ್ತಿರುತ್ತಾಳೆ. ಹೊಗೆಯಿಲ್ಲದೆ, ಸದ್ದಿಲ್ಲದೆ, ಯಾರಿಗೂ ಹೊರೆಯಾಗದೆ ಶಾಲೆಗೆ ಬಂದವಳು ಅವಳು. ಆದರೆ ಆ ರಸ್ತೆಯಲ್ಲಿ ಅತ್ಯಂತ ಹೆಚ್ಚು ಅಪಾಯಕ್ಕೆ ಈಡಾಗಿರುವವಳೂ ಅವಳೇ. ಈ ವೈಪರೀತ್ಯವನ್ನು ಸಹಜವೆಂದು ಭಾವಿಸುವಷ್ಟು ಸಮಾಜ ಒಗ್ಗಿಹೋಗಿರುವುದು ವಿಷಾದದ ಸಂಗತಿ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಇಂದು ವಾರ್ಷಿಕೋತ್ಸವಗಳಿಗೆ ಕಾರಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ ಪೆಡಲು ತುಳಿಯಲು ಕಲಿತವರು. ಅಧ್ಯಾಪಕರೂ ಗುಮಾಸ್ತರೂ ಸೈಕಲ್ಲಿನಲ್ಲಿಯೇ ಓಡಾಡುತ್ತಿದ್ದರು. ಪುರಸಭೆ ಸೈಕಲ್ಲಿಗೆ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿತ್ತು. ರಾತ್ರಿ ದೀಪವಿಲ್ಲದೆ ಹೊರಟವನನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದರು. ಅದು ಕಿರುಕುಳವೆನಿಸುತ್ತಿದ್ದರೂ ಸೈಕಲ್ ಸವಾರನು ರಸ್ತೆಯ ಹಕ್ಕುದಾರರಲ್ಲಿ ಒಬ್ಬನೆಂಬ ಮನ್ನಣೆ ಅದರಲ್ಲಿ ಅಡಗಿತ್ತು. ಬಿಲ್ಲೆಯೊಡನೆ ಆ ಮನ್ನಣೆಯೂ ಮರೆಯಾಯಿತು.

ಹಾಗೆಂದು ಸೈಕಲ್ ಸವಾರರೇ ಇಲ್ಲವಾದರೆಂದು ತಿಳಿಯಬಾರದು. 2011ರ ಜನಗಣತಿಯ ಪ್ರಕಾರ ಭಾರತದ ಕುಟುಂಬಗಳಲ್ಲಿ ನೂರಕ್ಕೆ ಸುಮಾರು 45ರಷ್ಟು ಸೈಕಲ್ ಹೊಂದಿದ್ದವು. ನಸುಕಿನಲ್ಲಿ ಪತ್ರಿಕೆ ಹಂಚುವ ಹುಡುಗ, ಬುತ್ತಿಯನ್ನು ಹಿಡಿಗೆ ತೂಗುಹಾಕಿಕೊಂಡು ಹೊರಡುವ ಗಾರೆ ಕೆಲಸದವನು, ರಾತ್ರಿಪಾಳಿ ಮುಗಿಸಿ ಮರಳುವ ಕಾವಲುಗಾರ, ಇವರಿಗೆ ಸೈಕಲ್ಲು ಹವ್ಯಾಸವಲ್ಲ, ಜೀವನೋಪಾಯದ ಅಂಗ. ಕರ್ನಾಟಕ ಸರ್ಕಾರವು 2006-07ರಲ್ಲಿ ಪ್ರೌಢಶಾಲಾ ಮಕ್ಕಳಿಗೆ ಉಚಿತವಾಗಿ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಮಕ್ಕಳ ಕೈಗೆ ಸೈಕಲ್ಲನ್ನು ಕೊಟ್ಟ ಸಮಾಜವು ಆ ಸೈಕಲ್ಲಿಗೆ ತಕ್ಕ ದಾರಿಯನ್ನು ಕೊಡಲಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು.

ಮೈಸೂರಿನ ಉದಾಹರಣೆ ಇಲ್ಲಿ ಗಮನಾರ್ಹವಾದುದು. 1903ರಲ್ಲಿಯೇ ನಗರಾಭಿವೃದ್ಧಿಗಾಗಿ ವಿಶ್ವಸ್ತ ಮಂಡಲಿಯೊಂದನ್ನು ಪಡೆದ ಆ ನಗರಕ್ಕೆ ವಿಶಾಲವಾದ ಬೀದಿಗಳೂ ಸಾಲುಮರಗಳೂ ಬಳುವಳಿಯಾಗಿ ಬಂದಿವೆ. 2017ರ ಜೂನ್ ತಿಂಗಳಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಸುಮಾರು 450 ಸೈಕಲ್ಲುಗಳನ್ನು ನಗರದ ಹಲವು ತಾಣಗಳಲ್ಲಿ ಇರಿಸಲಾಯಿತು. ಒಂದು ತಾಣದಲ್ಲಿ ಪಡೆದ ಸೈಕಲ್ಲನ್ನು ಇನ್ನೊಂದರಲ್ಲಿ ಒಪ್ಪಿಸುವ ಈ ಕ್ರಮ ದೇಶದಲ್ಲೆಲ್ಲ ಮೆಚ್ಚುಗೆಗೆ ಪಾತ್ರವಾಯಿತು. ಸೈಕಲ್ಲನ್ನು ಒದಗಿಸುವುದು ಅರ್ಧ ಕೆಲಸ ಮಾತ್ರ. ಅದನ್ನು ಏರಿದವನು ನಿರ್ಭಯವಾಗಿ ಮನೆ ಮುಟ್ಟುವಂತೆ ಮಾಡುವುದು ಉಳಿದರ್ಧ. ಆ ಉಳಿದರ್ಧ ಕೈಗೂಡದಿದ್ದರೆ ಸೈಕಲ್ಲುಗಳು ತಾಣಗಳಲ್ಲಿ ಧೂಳು ಹಿಡಿಯುತ್ತವೆ.

ಇದು ಸಾಧ್ಯವೇ ಎಂದು ಸಂಶಯಪಡುವವರು ನೆದರ್ಲೆಂಡ್ಸ್ ದೇಶದ ಚರಿತ್ರೆಯನ್ನು ನೋಡಬಹುದು. ಆ ದೇಶವು ಎಂದಿನಿಂದಲೂ ಸೈಕಲ್ ಸವಾರರ ಸ್ವರ್ಗವಾಗಿತ್ತೆಂಬ ಭಾವನೆ ತಪ್ಪು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯೂ ಕಾರುಗಳು ಹೆಚ್ಚಿದವು, ಸೈಕಲ್ಲುಗಳು ಮೂಲೆಗೆ ಸರಿದವು. 1971ರಲ್ಲಿ ಅಲ್ಲಿ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಆಗ ತಾಯಿತಂದೆಯರು ಬೀದಿಗಿಳಿದರು. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬುದೇ ಅವರ ಚಳವಳಿಯ ಹೆಸರಾಯಿತು. 1973ರ ತೈಲ ಬಿಕ್ಕಟ್ಟು, ಭಾನುವಾರಗಳಂದು ಕಾರು ಸಂಚಾರಕ್ಕೆ ವಿಧಿಸಿದ ನಿಷೇಧ, ಇವು ಆ ಚಳವಳಿಗೆ ಬಲ ತಂದವು. ಕ್ರಮೇಣ ಪ್ರತ್ಯೇಕ ಪಥಗಳು ನಿರ್ಮಾಣವಾದವು, ವಸತಿ ಬೀದಿಗಳಲ್ಲಿ ಕಾರಿನ ವೇಗ ತಗ್ಗಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ರಸ್ತೆ ಸಾವುಗಳು ವರ್ಷಕ್ಕೆ 700ರ ಆಸುಪಾಸಿಗೆ ಇಳಿದಿವೆ. ಅಲ್ಲಿನ ಬದಲಾವಣೆ ಹವಾಗುಣದಿಂದಾಗಲಿ ಐಶ್ವರ್ಯದಿಂದಾಗಲಿ ಬಂದುದಲ್ಲ. ಮಕ್ಕಳ ಪ್ರಾಣವೇ ಮೊದಲೆಂಬ ನಿರ್ಧಾರದಿಂದ ಬಂದುದು.

ಮೊದಲು ಮಾಡಬೇಕಾದ ಕೆಲಸ ವೇಗದ ನಿಯಂತ್ರಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ವಾಹನ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ವೇಗ ಅರ್ಧವಾದರೆ ಆ ದೂರವೂ ಅರ್ಧವಾಗುತ್ತದೆ. ಡಿಕ್ಕಿಯ ಶಕ್ತಿಯಾದರೋ ಕಾಲು ಭಾಗಕ್ಕೆ ಇಳಿಯುತ್ತದೆ. ವಿಜ್ಞಾನದ ಅಧ್ಯಾಪಕರು ಪ್ರೌಢಶಾಲೆಯಲ್ಲಿ ಬೋಧಿಸುವ ಈ ನಿಯಮದ ಮೇಲೆ ಒಂದು ಮಗುವಿನ ಬದುಕು ನಿಂತಿರಬಹುದು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಜಾಗತಿಕ ಸಮ್ಮೇಳನವು, ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೊಡನೆ ಬೆರೆಯುವ ಸ್ಥಳಗಳಲ್ಲಿ ಗಂಟೆಗೆ 30 ಕಿ.ಮೀ. ವೇಗದ ಮಿತಿಯನ್ನು ಸೂಚಿಸಿದ್ದು ಈ ಕಾರಣದಿಂದಲೇ. ಫಲಕ ನೆಟ್ಟ ಮಾತ್ರಕ್ಕೆ ವೇಗ ತಗ್ಗುವುದಿಲ್ಲ; ರಸ್ತೆಯ ತಿರುವು, ಅಗಲ, ಉಬ್ಬುಗಳೇ ಚಾಲಕನ ಕಾಲನ್ನು ತಡೆಯುವಂತಿರಬೇಕು.

ವಾಹನಗಳು ವೇಗವಾಗಿ ಸಾಗಲೇಬೇಕಾದ ಹೆದ್ದಾರಿಗಳಲ್ಲಿ ಪ್ರತ್ಯೇಕ ಪಥ ಅನಿವಾರ್ಯ. ಭಾರತೀಯ ರಸ್ತೆ ಕಾಂಗ್ರೆಸ್ಸು ಸೈಕಲ್ ಪಥಗಳ ರಚನೆಯನ್ನು ಕುರಿತ ಮಾರ್ಗಸೂಚಿಯನ್ನು 1962ರಷ್ಟು ಹಿಂದೆಯೇ ಪ್ರಕಟಿಸಿತ್ತು. ಆದ್ದರಿಂದ ತಿಳಿವಳಿಕೆಯ ಕೊರತೆಯೆಂದು ಹೇಳುವಂತಿಲ್ಲ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದು ಕಂಬಗಳನ್ನು ನೆಟ್ಟು ಬೇರ್ಪಡಿಸಿದ ಪಥದಲ್ಲಿ ಕಂಬಗಳು ಮುರಿದುಬಿದ್ದವು, ಇತರ ವಾಹನಗಳು ನುಗ್ಗಿದವು. ಬಣ್ಣ ಬಳಿದ ಗೆರೆಯಾಗಲಿ ದುರ್ಬಲವಾದ ಕಂಬವಾಗಲಿ ರಕ್ಷಣೆಯಾಗಲಾರದೆಂಬ ಪಾಠ ಇದರಿಂದ ದೊರೆಯುತ್ತದೆ. ಪಥವು ನೆಲಮಟ್ಟಕ್ಕಿಂತ ಎತ್ತರವಾಗಿರಬೇಕು, ಮರದ ನೆರಳಿರಬೇಕು, ಚರಂಡಿಯ ಕಂಬಿಗಳ ಸಂದಿನಲ್ಲಿ ಚಕ್ರ ಸಿಕ್ಕಿಕೊಳ್ಳಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಚೌಕದ ಸಮೀಪ ಬಂದೊಡನೆ ಪಥ ಮಾಯವಾಗಬಾರದು. ಎಡಕ್ಕೆ ಹೊರಳುವ ಬಸ್ಸು ಲಾರಿಗಳು ಸೈಕಲ್ ಸವಾರನನ್ನು ಕಾಣದೆ ಕೆಡಹುವ ಸ್ಥಳ ಅದು.

‘ಸವಾರರೇ ಇಲ್ಲದ ಮೇಲೆ ಪಥವೇಕೆ?’ ಎನ್ನುವವರುಂಟು. ಈ ವಾದದಲ್ಲಿ ಹುರುಳಿಲ್ಲ. ಮಠಗಳು ಹಿಂದುಳಿದ ಊರುಗಳಲ್ಲಿ ಶಾಲೆಗಳನ್ನು ತೆರೆಯುವಾಗ ಓದುವ ಮಕ್ಕಳನ್ನು ಮೊದಲು ಎಣಿಸಿದ್ದರೆ ಎಷ್ಟೋ ಶಾಲೆಗಳು ಹುಟ್ಟುತ್ತಿರಲಿಲ್ಲ. ಶಾಲೆ ತೆರೆಯಿತು, ಮಕ್ಕಳು ಬಂದರು. ‘ಸ್ಥಳವೆಲ್ಲಿದೆ?’ ಎಂಬುದು ಇನ್ನೊಂದು ಪ್ರಶ್ನೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲುಗಳು ನಿಲ್ಲುತ್ತವೆ. ವಾಹನಗಳ ಸಂಚಾರಕ್ಕಿಂತ ಜನರ ಸಂಚಾರಕ್ಕೆ ಪ್ರಾಶಸ್ತ್ಯವಿರಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಸಾರಿದೆ. ಆದ್ದರಿಂದ ಕೊರತೆಯಿರುವುದು ಸ್ಥಳದ್ದಲ್ಲ, ಅದನ್ನು ನ್ಯಾಯವಾಗಿ ಹಂಚುವ ಮನಸ್ಸಿನದು.

ಸರ್ಕಾರ ಮತ್ತು ನಗರಪಾಲಿಕೆಗಳು ಮಾಡಬೇಕಾದುದು ಬಹಳವಿದೆ. ಆದರೆ ಅವುಗಳ ದಾರಿಯನ್ನೇ ಕಾಯುತ್ತ ಕೂರುವುದು ಶಿಕ್ಷಣ ಸಂಸ್ಥೆಗಳಿಗೆ ಶೋಭಿಸದು. ಶಾಲೆಯ ಹೆಬ್ಬಾಗಿಲಿನ ಮುಂದೆ ಬೆಳಗ್ಗೆ ಸಂಜೆ ಅರ್ಧ ಗಂಟೆಯ ಕಾಲ ಕಾರುಗಳನ್ನು ದೂರ ನಿಲ್ಲಿಸಬೇಕೆಂದು ಪೋಷಕರನ್ನು ಒಪ್ಪಿಸಬಹುದು. ಸೈಕಲ್ಲಿನಲ್ಲಿ ಬಂದ ಮಕ್ಕಳನ್ನು ವಾಹನಗಳಿಗಿಂತ ಐದು ನಿಮಿಷ ಮೊದಲೇ ಮನೆಗೆ ಕಳುಹಿಸಬಹುದು. ದೈಹಿಕ ಶಿಕ್ಷಕರು ತಿಂಗಳಿಗೊಮ್ಮೆ ಬ್ರೇಕು, ಗಂಟೆ, ದೀಪಗಳನ್ನು ಪರೀಕ್ಷಿಸಿ, ಕೈಸನ್ನೆ ತೋರಿಸಿ ತಿರುಗುವುದನ್ನೂ ಎಡಬದಿಯಲ್ಲಿಯೇ ಸಾಗುವುದನ್ನೂ ಅಭ್ಯಾಸ ಮಾಡಿಸಬಹುದು. ಸಭಾಭವನಕ್ಕೆ ಅಮೃತಶಿಲೆ ಹಾಸಿಸಲು ಮುಂದಾಗುವ ದಾನಿಗಳು ಮಳೆ ಬಿಸಿಲಿಗೆ ಮರೆಯಾದ ಸೈಕಲ್ ನಿಲ್ದಾಣವೊಂದನ್ನು ಕಟ್ಟಿಸಿದರೆ ಅದರ ಪುಣ್ಯ ಕಡಿಮೆಯಾಗದು. ಪಾಲಿಕೆಯಲ್ಲಿಯೂ ಇಲಾಖೆಗಳಲ್ಲಿಯೂ ಉನ್ನತ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗಳ ಸುತ್ತಲಿನ ಬೀದಿಗಳಿಗೆ 30 ಕಿ.ಮೀ. ಮಿತಿಯನ್ನು ತರಲು ತಮ್ಮ ಪ್ರಭಾವವನ್ನು ಬಳಸಿದರೆ, ಅದೇ ಸಂಸ್ಥೆಯ ಋಣವನ್ನು ತೀರಿಸುವ ಅತ್ಯುತ್ತಮ ಮಾರ್ಗ.

ಒಂದು ನಗರ ಎಷ್ಟು ಮುಂದುವರಿದಿದೆಯೆಂಬುದನ್ನು ಅದರ ಮೇಲ್ಸೇತುವೆಗಳಿಂದ ಅಳೆಯಲಾಗದು. ಹದಿಮೂರು ವರ್ಷದ ಬಾಲಕಿಯನ್ನು ಸೈಕಲ್ಲಿನಲ್ಲಿ ಒಬ್ಬಳೇ ಶಾಲೆಗೆ ಕಳುಹಿಸಿದ ತಾಯಿ, ಸಂಜೆಯವರೆಗೆ ಆತಂಕವಿಲ್ಲದೆ ತನ್ನ ಕೆಲಸದಲ್ಲಿ ತೊಡಗಿರಲು ಸಾಧ್ಯವಾದ ನಗರವೇ ಮುಂದುವರಿದ ನಗರ. ಅಂಥ ನಗರದ ಮೊದಲ ನೂರು ಗಜದ ದಾರಿ ಶಾಲೆಯ ಹೆಬ್ಬಾಗಿಲಿನಿಂದಲೇ ಆರಂಭವಾಗಲಿ.