ಕಾರಿಗೂ ಒಂದು ಪಾಳಿ ಕೊಡಿ ಸ್ವಾಮಿ!

ಎಲೆಕ್ಟ್ರಿಕ್ ಕಾರು ತಗೊಂಡು ಐದು ತಿಂಗಳಾಯಿತು. ಅಪಾರ್ಟ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸೋಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ವಾರಕ್ಕೆರಡು ರಾತ್ರಿ ಹೊರಗಿನ ಸ್ಟೇಷನ್ ಮುಂದೆ ಕೂತು ಆಕಳಿಸ್ತೀನಿ. ಅಸೋಸಿಯೇಷನ್‌ನವರದು ಒಂದೇ ಮಾತು: "ಸಿಮ್ಯುಲೇಷನ್ ಮಾಡಿಸಿದೀವಿ ಸಾರ್, 80 ಕಿಲೋವ್ಯಾಟ್ ಮಾತ್ರ ಮಿಕ್ಕಿದೆ. ಮೊದಲು ಬಂದ ಹತ್ತು ಜನಕ್ಕೆ ಕೊಟ್ಟಾಯ್ತು."

ಕಂಪ್ಯೂಟರ್ ಹೇಳಿದ ಮೇಲೆ ಮುಗೀತು ಅಂತ ಅವರ ನಂಬಿಕೆ. ಹೊಟ್ಟೆಪಾಡಿಗೆ ಕೋಡ್ ಬರೆಯುವ ನನಗೆ ಆ ನಂಬಿಕೆ ಇಲ್ಲ. ನಾವು ತುಂಬಿದ್ದನ್ನೇ ಅದು ವಾಪಸ್ ಕಕ್ಕುತ್ತದೆ. ಹಾಗಾಗಿ ಆ ಎನರ್ಜಿಪ್ಲಸ್ ಫೈಲನ್ನೇ ಕೇಳಿ ಪಡೆದು ತೆರೆದೆ.

ಒಳಗಿದ್ದದ್ದು ಇಷ್ಟು. ನೂರು ಕಾರು, ತಲಾ 7.4 ಕಿಲೋವ್ಯಾಟ್ ಚಾರ್ಜರ್, ಎಲ್ಲವೂ ಸಂಜೆ 7ಕ್ಕೆ ಒಟ್ಟಿಗೇ ಶುರು. ಒಟ್ಟು 740 ಕಿಲೋವ್ಯಾಟ್! ನೂರು ಮನೆಯವರೂ ಒಂದೇ ಹೊತ್ತಿಗೆ ಮನೆ ಸೇರ್ತಾರಂತೆ. ಔಟರ್ ರಿಂಗ್ ರೋಡಿನಲ್ಲಿ ಒಂದು ಸಂಜೆ ಸಿಕ್ಕಿಹಾಕಿಕೊಂಡವರು ಯಾರೂ ಹೀಗೆ ಬರೆಯಲ್ಲ.

ಇನ್ನೊಂದು ತಮಾಷೆ ನೋಡಿ. ಚಾರ್ಜರನ್ನು ಬೇಸ್‌ಮೆಂಟಿನ ಒಳಗಿನ ಸಾಮಾನ್ಯ ಉಪಕರಣ ಅಂತ ತುಂಬಿದ್ದಾರೆ. ಹಾಗೆ ತುಂಬಿ ಸುಮ್ಮನಾದರೆ, ಎಳೆದ ಕರೆಂಟೆಲ್ಲ ಅಲ್ಲೇ ಬಿಸಿಯಾಯಿತು ಅಂತ ತಂತ್ರಾಂಶ ಲೆಕ್ಕ ಹಾಕುತ್ತದೆ. ಟಿವಿಗೆ ಅದು ಸರಿ. ಆದರೆ ಕಾರಿನ ಕರೆಂಟು ಬಹುಪಾಲು ಬ್ಯಾಟರಿ ಸೇರಿ, ಮರುದಿನ ರಸ್ತೆಗೆ ಹೋಗುತ್ತದೆ. ಅಲ್ಲಿ ಬಿಸಿಯಾಗಿ ಉಳಿಯೋದು ಸೋರಿಕೆ ಮಾತ್ರ. ಬ್ಯಾಟರಿಯ ಪಾಲನ್ನು 'ಫ್ರಾಕ್ಷನ್ ಲಾಸ್ಟ್' ಅನ್ನೋ ಜಾಗದಲ್ಲಿ ಬರೆಯಬೇಕಿತ್ತು. ಅಲ್ಲಿ ಸೊನ್ನೆ ಇದೆ!

ಈಗ ನನ್ನ ಲೆಕ್ಕ. ಕಾರು ದಿನಕ್ಕೆ 30 ಕಿಲೋಮೀಟರ್ ಓಡಿದರೆ ಸೋರಿಕೆ ಸೇರಿ ಸುಮಾರು 5 ಯೂನಿಟ್ ಬೇಕು. 7.4 ಕಿಲೋವ್ಯಾಟ್ ಚಾರ್ಜರಿಗೆ ಅದು 40 ನಿಮಿಷದ ಕೆಲಸ. ಮಿಕ್ಕಿರುವ 80 ಕಿಲೋವ್ಯಾಟಿನಲ್ಲಿ ಒಂದು ಸಲಕ್ಕೆ ಹತ್ತು ಕಾರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇಂಥ ಹತ್ತು ಪಾಳಿ ಆರಾಮಾಗಿ ಹಿಡಿಯುತ್ತವೆ. ಹತ್ತು ಹತ್ತಲಿ ನೂರು. ಹತ್ತು ಜನ ಬಾಗಿಲು ಹಾಕಿಕೊಂಡು ಕೂತ ಅದೇ ಕರೆಂಟಿನಲ್ಲಿ ನೂರು ಮನೆಗೂ ಪಾಲಿದೆ!

ಎಲೆಕ್ಟ್ರಿಕ್ ಕಾರಿನ ಭಕ್ತರೂ ಬೀಗಬೇಡಿ. ದಿನದ 500 ಯೂನಿಟ್ಟನ್ನು 24 ಗಂಟೆಗೆ ಹಂಚಿ, "21 ಕಿಲೋವ್ಯಾಟ್ ಅಷ್ಟೇ" ಅನ್ನೋರೂ ಮೋಸ ಮಾಡ್ತಿದಾರೆ. ಊರಿನವರ ಕಾಲಳತೆಯ ಸರಾಸರಿ ತೆಗೆದು ಚಪ್ಪಲಿ ಹೊಲಿದರೆ ಯಾರ ಕಾಲಿಗೂ ಆಗಲ್ಲ. ರಾತ್ರಿ ದರ ಕಡಿಮೆ ಅಂತ ಎಲ್ಲರೂ ಸರಿಯಾಗಿ 10ಕ್ಕೆ ಟೈಮರ್ ಇಟ್ಟರೋ, ಆಗ ಅಸೋಸಿಯೇಷನ್ನಿನ ಭಯವೇ ನಿಜವಾಗುತ್ತದೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ನಮ್ಮೂರಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಬರ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ. ಎಲ್ಲರ ಮೋಟಾರಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಎಲ್ಲ ಒಟ್ಟಿಗೆ ಎದ್ದು ಟಿಸಿ ಢಂ! ಹೊಸದು ಬರೋವರೆಗೆ ಬೆಳೆ ಒಣಗೋದು. ಎರಡು ಸಲ ಸುಟ್ಟ ಮೇಲೆ ಅಪ್ಪ, ಅಕ್ಕಪಕ್ಕದ ಹೊಲದವರು ಕಟ್ಟೆ ಮೇಲೆ ಕೂತು ಪಾಳಿ ಮಾಡಿಕೊಂಡರು. ಯಾರ ಹತ್ತಿರವೂ ಲ್ಯಾಪ್‌ಟಾಪ್ ಇರಲಿಲ್ಲ.

ಮನೆಯ ಈಗಿನ ಸಂಪರ್ಕದಲ್ಲೇ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಆದರೆ ಅದನ್ನು ಹಿಡಿದು ಜಗಳಕ್ಕೆ ಹೋಗಿ ನಾನೊಬ್ಬ ಹನ್ನೊಂದನೆಯವನಾಗಿ ಚಾರ್ಜರ್ ಹಾಕಿಸಿಕೊಂಡರೆ ಹನ್ನೆರಡನೆಯವರ ಗತಿ ಏನು? ನನಗೆ ಬೇಕಿರೋದು ಪಾಳಿ. ಕರೆಂಟನ್ನು ತಾನೇ ಹಂಚಿಕೊಳ್ಳುವ ಚಾರ್ಜರುಗಳಿವೆ. ಹಾಕಿಸಿ. ಮಾಡೆಲ್ಲಿನಲ್ಲಿ ಅದನ್ನೇ ಬರೆಯಿರಿ: ಯಾರ ಕಾರು ಎಷ್ಟು ಓಡುತ್ತೆ, ಎಷ್ಟು ಹೊತ್ತಿಗೆ ಬರುತ್ತೆ, ಹತ್ತು ಹತ್ತು ನಿಮಿಷದ ಲೆಕ್ಕದಲ್ಲಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ "ಸಿಮ್ಯುಲೇಷನ್ ಬೇಡ ಅಂತು" ಅಂದರೆ, ರಿಪೋರ್ಟಿನ ಬಣ್ಣದ ಗ್ರಾಫ್ ನೋಡಬೇಡಿ. ಚಾರ್ಜಿಂಗ್ ವೇಳಾಪಟ್ಟಿ ಇರೋ ಪುಟ ಕೇಳಿ. ಎಲ್ಲರೂ ಸಂಜೆ 7ಕ್ಕೇ ಅಂತ ಅಲ್ಲಿದ್ದರೆ, ಬೇಡ ಅಂದದ್ದು ಕಂಪ್ಯೂಟರ್ ಅಲ್ಲ.