ಸರ್ವಿಸ್ ಲಿಫ್ಟ್‌ನ ಸಂವಿಧಾನ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲ ಪಕ್ಕ ಈ ವಾರ ಲ್ಯಾಮಿನೇಟ್ ಮಾಡಿದ ಹೊಸ ನೋಟಿಸು ಅಂಟಿದೆ. ಮನೆಗೆಲಸದವರು, ಡ್ರೈವರ್‌ಗಳು, ಡೆಲಿವರಿ ಹುಡುಗರು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು. ಮುಖ್ಯ ಲಿಫ್ಟ್‌ನಲ್ಲಿ ಸಿಕ್ಕಿಬಿದ್ದರೆ 1000 ರೂಪಾಯಿ ದಂಡ. ಇಂಗ್ಲಿಷು, ತೆಲುಗು ಎರಡರಲ್ಲೂ ಇದೆ. ಕೆಳಗೆ ಸಂಘದ ಮೊಹರಿದೆ, ಯಾರ ಸಹಿಯೂ ಇಲ್ಲ. ಹೈದರಾಬಾದಿನದೇ ಇನ್ನೊಂದು ಅಪಾರ್ಟ್‌ಮೆಂಟಿನ ಇಂಥದೇ ನೋಟಿಸು 2023ರಲ್ಲಿ ಫೋನಿನಿಂದ ಫೋನಿಗೆ ಹಾರಿ ಊರವರಿಂದೆಲ್ಲ ಉಗಿಸಿಕೊಂಡಿತ್ತು. ನಮ್ಮವರು ಉಗಿಸಿಕೊಂಡದ್ದನ್ನು ಮರೆತು ಒಕ್ಕಣೆಯನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ.

ನೋಟಿಸು ಅಂಟಿದ ಮಾರನೇ ದಿನವೇ ಸರ್ವಿಸ್ ಲಿಫ್ಟ್ ಕೆಟ್ಟು ನಿಂತಿತು. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಒಂಬತ್ತನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದರು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಕಡೆಯವರು. ತೆಲಂಗಾಣದಲ್ಲಿದ್ದರೂ ಮನೆಮಾತು ನಮ್ಮದೇ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಹೋಗಿ ಹಿಟ್ಟು ಕಲಸತೊಡಗಿದರು. ದೊಡ್ಡ ಲಿಫ್ಟ್‌ನಲ್ಲಿ ಬರಬಾರದಿತ್ತೇ ಎಂದೆ. "ಬ್ಯಾಡ ಬಿಡ್ರಿ ಸರ, ಅದರಾಗ ಕ್ಯಾಮೆರಾ ಐತಿ. ಸಾವಿರ ರೂಪಾಯಿ ನೀವು ಕಟ್ತೀರೇನು?" ಕಟ್ಟುತ್ತೇನೆ ಎಂದೆ. ನಕ್ಕರು, ನಂಬಲಿಲ್ಲ.

ಸಂಘದ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಸಭ್ಯರು, ನಿವೃತ್ತ ಅಧಿಕಾರಿ. ಮೊದಲು ಶುಚಿತ್ವ ಅಂದರು, ಆಮೇಲೆ ಭದ್ರತೆ ಅಂದರು. ಅವರ ಮನೆಯ ಚಪಾತಿಯನ್ನೂ ಅದೇ ಅಕ್ಕ ಲಟ್ಟಿಸುವುದು ಎಂದು ನೆನಪಿಸಿದ ಮೇಲೆ ದನಿ ಏರಿತು: "ಇದರಲ್ಲಿ ಜಾತಿ ಎಲ್ಲಿ ಬಂತು ಸರ್? ನೋಟಿಸಲ್ಲಿ ಯಾವ ಜಾತಿ ಹೆಸರಿದೆ ತೋರಿಸಿ!"

ಇಲ್ಲ, ಹೆಸರಿಲ್ಲ. ಉತ್ತರಪ್ರದೇಶದ ಜೈಲು ಕೈಪಿಡಿಯಲ್ಲೂ ಒಂದು ಕಡೆ ಹೆಸರಿರಲಿಲ್ಲ. ಸಾದಾ ಶಿಕ್ಷೆಯ ಕೈದಿಗೆ ಕೀಳು ಕೆಲಸ ಹೇಳಕೂಡದು, ಅಂಥ ಕೆಲಸ ಮಾಡಿ ರೂಢಿಯಿರುವ ವರ್ಗಕ್ಕೋ ಸಮುದಾಯಕ್ಕೋ ಸೇರಿದವನಾದರೆ ಹೇಳಬಹುದು ಎಂದಿತ್ತು. ರೂಢಿಯಂತೆ! ಪತ್ರಕರ್ತೆ ಸುಕನ್ಯಾ ಶಾಂತಾ ಇಂಥ ನಿಯಮಗಳನ್ನೆಲ್ಲ ಹೆಕ್ಕಿ ಸುಪ್ರೀಂ ಕೋರ್ಟಿಗೆ ಒಯ್ದರು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ 2024ರ ಅಕ್ಟೋಬರ್ 3ರಂದು ಅವನ್ನು ಅಸಾಂವಿಧಾನಿಕವೆಂದು ಕಿತ್ತೊಗೆದು, ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ಅಳಿಸಿ ಎಂದಿತು. ಜಾತಿಯ ಹೆಸರು ಎತ್ತದೆಯೇ ಜಾತಿ ಮಾಡಬಹುದು ಎಂಬುದು ನ್ಯಾಯಮೂರ್ತಿಗಳಿಗೆ ಅರ್ಥವಾಯಿತು, ನಮ್ಮ ಸಂಘಕ್ಕೆ ಆಗಲಿಲ್ಲ. ಆದರೆ ಜೈಲು ಸರ್ಕಾರದ್ದು, ಲಿಫ್ಟು ಖಾಸಗಿಯದು. ಈ ವ್ಯತ್ಯಾಸ ಮಾತ್ರ ಕಾರ್ಯದರ್ಶಿಗಳಿಗೆ ಚೆನ್ನಾಗಿ ಗೊತ್ತು.

ಇದೇ ಮಹನೀಯರು ಕಳೆದ ಗಣರಾಜ್ಯೋತ್ಸವಕ್ಕೆ ನಮ್ಮ ಕ್ಲಬ್‌ಹೌಸಿನಲ್ಲಿ ಭಾಷಣ ಮಾಡಿದ್ದರು. ಪ್ಲೆಸ್ಸಿ, 1896: ಕರಿಯರಿಗೆ ಬೇರೆ ರೈಲು ಡಬ್ಬಿ ಇದ್ದರೂ ಸಮಾನತೆಗೆ ಭಂಗವಿಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟು. ಬ್ರೌನ್, 1954: ಬೇರೆ ಶಾಲೆ ಎಂದಮೇಲೆ ಅದು ಸಮಾನವಾಗಿರಲು ಸಾಧ್ಯವೇ ಇಲ್ಲ ಎಂದು ತಿದ್ದಿಕೊಂಡ ಅದೇ ಕೋರ್ಟು. ಇಸವಿಗಳೆಲ್ಲ ಬಾಯಿಪಾಠ. ನನ್ನ ಹಳೇ ರಾಗ ಈ ಅಂಕಣ ಓದುವವರಿಗೆ ಗೊತ್ತೇ ಇದೆ: ಅಮೆರಿಕದ ತೀರ್ಪುಗಳ ಹೆಸರು ನಮಗೆ ನಾಲಿಗೆ ತುದಿಯಲ್ಲಿ, ನಮ್ಮೂರಿನವು ಕಾನೂನು ಕಾಲೇಜಿನ ಗೈಡುಗಳಲ್ಲಿ. ಕರ್ನಾಟಕ ರಾಜ್ಯ ವಿರುದ್ಧ ಅಪ್ಪಾ ಬಾಳು ಇಂಗಳೆ ಎಂದರೆ ಎಷ್ಟು ಕನ್ನಡಿಗರು ತಲೆ ಎತ್ತಿ ನೋಡುತ್ತಾರೆ?

ಪ್ರಕರಣ ಸಣ್ಣದು. ಹೊಸದಾಗಿ ಕೊರೆದ ಬೋರ್‌ವೆಲ್; ದಲಿತರು ನೀರಿಗೆ ಬಂದಾಗ ಸವರ್ಣೀಯರು ಬೆದರಿಸಿ ಅಟ್ಟಿದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲೂ ಅದು ಉಳಿಯಿತು, ಹೈಕೋರ್ಟು ಬಿಟ್ಟುಕಳಿಸಿತು. ಸರ್ಕಾರ ದೆಹಲಿಗೆ ಹೋಯಿತು. 1992ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ಕೆ. ರಾಮಸ್ವಾಮಿ. ಮೂಸಿ ದಂಡೆಯ ಕೆಂಪು ಕಟ್ಟಡದ ಹೈಕೋರ್ಟಿನಿಂದಲೇ, ಅಂದರೆ ಇದೇ ಹೈದರಾಬಾದಿನಿಂದ, ಸುಪ್ರೀಂ ಕೋರ್ಟಿಗೆ ಹೋದವರು. ಒಂದು ಕೊಳವೆಬಾವಿಯ ತಂಟೆಗೆ ಅವರು ಪ್ರತ್ಯೇಕವಾಗಿ ಬರೆದ ತೀರ್ಪು ಅಸ್ಪೃಶ್ಯತೆಯ ಚರಿತ್ರೆಯನ್ನೇ ಬಗೆದು ನೋಡುತ್ತದೆ. ಅದು ಗುಲಾಮಗಿರಿಯದೇ ಇನ್ನೊಂದು ಬಗೆ ಎನ್ನುತ್ತದೆ. ಇಷ್ಟೆಲ್ಲ ಆಗಿ ಊರ್ಜಿತವಾದ ಶಿಕ್ಷೆ ಎಷ್ಟು? ತಿಂಗಳ ಸಜೆ, ತಲಾ 100 ರೂಪಾಯಿ ದಂಡ. ನೀರು ತಡೆದವರಿಗೆ ಗಣರಾಜ್ಯ ಹಾಕಿದ್ದು ನೂರು, ಲಿಫ್ಟ್ ಹತ್ತಿದವರಿಗೆ ನಮ್ಮ ಸಂಘ ಹಾಕುವುದು ಸಾವಿರ. ಬೆಲೆ ಏರಿಕೆ ಎಂದು ಸುಮ್ಮನಾಗೋಣವೇ?

ತೀರ್ಪಿನಲ್ಲಿ ಸೋತವರು ಸುಮ್ಮನೆ ಕೂರುವುದಿಲ್ಲ ಎಂಬುದನ್ನು ಅಮೆರಿಕದಿಂದಲೇ ಕಲಿಯಬಹುದಿತ್ತು, ಕಾರ್ಯದರ್ಶಿಗಳ ಭಾಷಣ ಬ್ರೌನ್‌ಗೇ ಮುಗಿಯದಿದ್ದರೆ. ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಐದು ಈಜುಕೊಳಗಳಿದ್ದವು: ನಾಲ್ಕು ಬಿಳಿಯರಿಗೆ, ಒಂದು ಕರಿಯರಿಗೆ. ಇದು ಸಲ್ಲದು ಎಂದು ಕೋರ್ಟು ಹೇಳಿದ ಮೇಲೆ ನಗರಸಭೆ ಒಟ್ಟಿಗೆ ಈಜಲು ಬಿಡಲಿಲ್ಲ. ನಾಲ್ಕನ್ನು ಮುಚ್ಚಿತು, ಗುತ್ತಿಗೆಯಲ್ಲಿದ್ದ ಐದನೆಯದನ್ನು ಬಿಟ್ಟುಕೊಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟು, ಒಂದೇ ಒಂದು ಮತದ ಅಂತರದಲ್ಲಿ, ಎಲ್ಲರಿಗೂ ಮುಚ್ಚಿದ ಮೇಲೆ ತಾರತಮ್ಯ ಎಲ್ಲಿ ಬಂತು ಎಂದುಬಿಟ್ಟಿತು. ಕಾರ್ಯದರ್ಶಿಗಳ ಪ್ರಶ್ನೆಯೇ!

ಈ ವಿದ್ಯೆ ನಮಗೆ ಹೊಸದಲ್ಲ. ದಲಿತರು ಕ್ಷೌರಕ್ಕೆ ಬಂದರೆಂದು ಅಂಗಡಿಯ ಬಾಗಿಲನ್ನೇ ಎಳೆದುಕೊಂಡ ಸುದ್ದಿ ಕೊಪ್ಪಳದ ಕಡೆಯಿಂದ ಬರುತ್ತಲೇ ಇರುತ್ತದೆ. 1956ರ ತನಕ ಆ ಸೀಮೆಯೂ ಹೈದರಾಬಾದ್ ರಾಜ್ಯದ್ದೇ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿಗೆ ಬಿಡದ ತಕರಾರು ಕುದಿಯುತ್ತಿದ್ದಾಗಲೇ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೇ ಹುಬ್ಬೇರಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಬಹುತೇಕರಿಗೆ ಜಾಮೀನಾಯಿತು. ಆ ಹೊತ್ತಿಗೆ ಹುಬ್ಬುಗಳೆಲ್ಲ ಕೆಳಗಿಳಿದಿದ್ದವು.

ಭಾವುಕತೆಗೆ ಮಾತ್ರ ನಮ್ಮಲ್ಲಿ ಬರವಿಲ್ಲ. 2018ರ ಏಪ್ರಿಲ್‌ನಲ್ಲಿ ಚಿಲ್ಕೂರು ಬಾಲಾಜಿ ದೇವಸ್ಥಾನದ ಅರ್ಚಕ ರಂಗರಾಜನ್ ದಲಿತ ಭಕ್ತನೊಬ್ಬನನ್ನು ಹೆಗಲ ಮೇಲೆ ಹೊತ್ತು ಜಿಯಾಗುಡದ ರಂಗನಾಥ ಗುಡಿಯ ಒಳಗೆ ಕರೆದೊಯ್ದರು. ಅರ್ಚಕರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆ ಫೋಟೊ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಆಗಾಗ ಬರುತ್ತದೆ, ಕೈಮುಗಿದ ಚಿತ್ರಗಳ ಸಾಲು ಅದರ ಕೆಳಗೆ. ಹೆಗಲ ಮೇಲೆ ಕೂರಿಸಿಕೊಂಡರೆ ನಮಗೆ ಕಣ್ಣೀರು ಬರುತ್ತದೆ, ಪಕ್ಕದಲ್ಲಿ ನಿಂತರೆ ವಾಸನೆ ಬರುತ್ತದೆ.

ಅದೇ ಗುಂಪಿನಲ್ಲಿ ಮೊನ್ನೆ ಕಾರ್ಯದರ್ಶಿಗಳ ಅಳಲು ಬಂತು. ಡಲ್ಲಾಸ್‌ನಲ್ಲಿರುವ ಮಗನಿಗೆ ಅಂಗಡಿಯೊಂದರಲ್ಲಿ ಯಾರೋ ಬಿಳಿಯ ನಿಮ್ಮ ದೇಶಕ್ಕೆ ಹೋಗು ಎಂದನಂತೆ. ಎಲ್ಲರೂ ಕನಿಕರಿಸಿದರು, ನಾನೂ. ಕೇಸು ಹಾಕಬಹುದೇ ಎಂದು ಒಬ್ಬರು ಕೇಳಿದರು. ಹಾಕಲಿ. ಆದರೆ ಕೋರ್ಟು ಹತ್ತುವ ಮುಂಚೆ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಕಡತವನ್ನು ಒಮ್ಮೆ ತಿರುವಿ ನೋಡಲಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಈತ ಅಲ್ಲಿನ ಪೌರತ್ವ ಬೇಡಿದ. ಆಗ ಅದು ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಸಿಗುತ್ತಿತ್ತು. ತನ್ನ ಮೇಲೆ ಹೇರಿದ ಗೆರೆಯನ್ನೇ ತಪ್ಪು ಎನ್ನುವ ಬದಲು ಆತನ ಕಡೆಯವರು ಹೂಡಿದ ವಾದ ಹೀಗಿತ್ತು: ನಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ, ಮದುವೆ ಸಂಬಂಧದ ಮಾತು ಬಂದರೆ ನೀವು ಕರಿಯರನ್ನು ಹೇಗೆ ಕಾಣುತ್ತೀರೋ ಮೇಲ್ಜಾತಿಯ ಹಿಂದೂ ತನ್ನ ನೆಲದ ಮೂಲನಿವಾಸಿಗಳನ್ನು ಹಾಗೆಯೇ ಕಾಣುತ್ತಾನೆ. 1923ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು. ಅಷ್ಟೇ ಅಲ್ಲ, ಆಗಲೇ ಪೌರತ್ವ ಪಡೆದು ನೆಮ್ಮದಿಯಾಗಿದ್ದ ಎಷ್ಟೋ ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲು ಸರ್ಕಾರ ಹೊರಟಿತು.

ಕಾರ್ಯದರ್ಶಿಗಳ ಮಗನ ವಕೀಲರು ಬೇರೆ ವಾದ ಹುಡುಕಿಕೊಳ್ಳುವುದು ಒಳ್ಳೆಯದು. ಅಪ್ಪನಿಗೆ ಗೊತ್ತಿರುವ ವಾದ ಅಲ್ಲಿ ನೂರು ವರ್ಷದ ಹಿಂದೆಯೇ ಸೋತಿದೆ.