ಮುರಿದ ವೀಣೆಗೆ ಹೊಣೆ ಯಾರು?

"ಮಾಲಿಗೆ ಮಾಲೀಕರೇ ಹೊಣೆ" ಎಂದು ಲಾರಿ ಆಫೀಸಿನ ರಸೀತಿಯ ಮೇಲೆ ಅಚ್ಚಾಗಿರುವುದನ್ನು ನಮ್ಮ ಅಂಗಡಿಕಾರ ಮಿತ್ರರು ಬಲ್ಲರು. ಬಾಡಿಗೆ ಅವರಿಗೆ, ನಷ್ಟ ನಮಗೆ! ಆಕಾಶಮಾರ್ಗದಲ್ಲಿಯೂ ಇದೇ ನ್ಯಾಯ. ವೀಣೆಯನ್ನು ವಿಮಾನದ ಸಾಮಾನಿಗೆ ಹಾಕುವಾಗ "ಮುರಿದರೆ ಕಂಪನಿ ಹೊಣೆಯಲ್ಲ" ಎಂಬ ಚೀಟಿಗೆ ಕಲಾವಿದರಿಂದ ರುಜು ಹಾಕಿಸಿಕೊಳ್ಳುವುದುಂಟು.

ವಾದ್ಯವೆಂದರೆ ಉಳ್ಳವರ ಆಟದ ಸಾಮಾನೆಂದು ಯಾರೂ ಭಾವಿಸಬಾರದು. ನೇಕಾರನಿಗೆ ಮಗ್ಗ ಹೇಗೋ ವೈಣಿಕನಿಗೆ ವೀಣೆ ಹಾಗೆ. ಅದು ಮುರಿದರೆ ಅನ್ನ ಮುರಿದಂತೆ. ಹಲಸಿನ ಮರದ ಕೊಡ, ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಬಿಗಿದ 7 ತಂತಿ. ನಿಲ್ದಾಣದ ಬಿಸಿಲಿಗೆ ಮೇಣ ಮೆದುವಾಗುತ್ತದೆ, ಒಣಗಾಳಿಗೆ ಮರ ಬಿರಿಯುತ್ತದೆ, ಒಂದೇ ಎಸೆತಕ್ಕೆ ದಂಡಿ ಮುರಿಯುತ್ತದೆ.

ಎಸೆದ ಹಮಾಲನನ್ನು ಬಯ್ಯುವುದು ಸುಲಭ. ಗಡಿಯಾರ ಹಿಡಿದು ಅವನನ್ನು ಓಡಿಸುವವರು ಯಾರೆಂದು ಕೇಳುವವರು ವಿರಳ. ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2008ರಲ್ಲಿ ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಗಿಟಾರು ವಿಮಾನ ಪ್ರಯಾಣದಲ್ಲಿ ಮುರಿಯಿತು. ಕಂಪನಿ ಪರಿಹಾರ ಕೊಡಲೊಪ್ಪಲಿಲ್ಲ. 2009ರಲ್ಲಿ ಅವರು ಆ ಅನ್ಯಾಯವನ್ನೇ ಹಾಡು ಕಟ್ಟಿ ಹಾಡಿದರು, ಲೋಕವೆಲ್ಲ ಕೇಳಿತು. ಅಮೆರಿಕದ ಸಂಗೀತಗಾರರ ಕಾರ್ಮಿಕ ಸಂಘವೂ ಹಲವು ವರ್ಷ ಒತ್ತಾಯಿಸಿತು. ಕೊನೆಗೆ 2012ರಲ್ಲಿ ಅಲ್ಲಿ ಕಾನೂನಾಯಿತು: ಹತ್ತುವ ಹೊತ್ತಿಗೆ ಸ್ಥಳವಿದ್ದು, ಸುರಕ್ಷಿತವಾಗಿ ಇಡಲು ಸಾಧ್ಯವಾದರೆ, ಸಣ್ಣ ವಾದ್ಯವನ್ನು ಪ್ರಯಾಣಿಕರು ತಮ್ಮೊಡನೆ ಒಳಗೆ ಒಯ್ಯಬಹುದು. ದೊಡ್ಡದಕ್ಕೆ ಪ್ರತ್ಯೇಕ ಟಿಕೆಟ್ಟು ಕೊಂಡು ಆಸನದಲ್ಲಿಯೇ ಇರಿಸಬಹುದು. ಇಂಥ ಹಕ್ಕು ಎಲ್ಲ ದೇಶಗಳ ಕಾನೂನಿನಲ್ಲಿಯೂ ಅಕ್ಷರರೂಪಕ್ಕೆ ಬರಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ; ಭಾರತವೂ 2009ರಲ್ಲಿ ಅದಕ್ಕೆ ಸೇರಿದೆ. ಕಂಪನಿಯನ್ನು ಹೊಣೆಯಿಂದ ಬಿಡಿಸುವ ಯಾವ ಷರತ್ತೂ ಅದರಂತೆ ಅನೂರ್ಜಿತ. ವಾದ್ಯದಲ್ಲಿ ಮೊದಲೇ ಇದ್ದ ದೋಷದಿಂದಾದ ಹಾನಿಗೆ ಮಾತ್ರ ಕಂಪನಿ ಹೊಣೆಯಲ್ಲ. ಆದ್ದರಿಂದ ಹೊರಡುವ ಮುನ್ನ ವಾದ್ಯದ ಚಿತ್ರ ತೆಗೆದಿಡಿ. ತಂತಿಗಳನ್ನು ಕೊಂಚ ಸಡಿಲಿಸಿ, ದಂಡಿಗೆ ಮೆತ್ತನೆಯ ಆಸರೆ ಕೊಟ್ಟು, ಗಟ್ಟಿ ಪೆಟ್ಟಿಗೆಯಲ್ಲಿಡಿ. ಪರಿಹಾರಕ್ಕೆ ಮಿತಿಯುಂಟು; ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಸಾಮಾನು ಒಪ್ಪಿಸುವಾಗಲೇ ಘೋಷಿಸಿ, ಕೇಳಿದ ಹೆಚ್ಚುವರಿ ಶುಲ್ಕ ಕಟ್ಟಿ. ಹಾನಿ ಕಂಡೊಡನೆ, ತಡವೆಂದರೆ 7 ದಿನದೊಳಗೆ, ಬರವಣಿಗೆಯಲ್ಲಿ ದೂರು ಕೊಡಿ.

ಬಾಡಿಗೆ ಪಡೆದವರು ಹೊಣೆಯನ್ನೂ ಹೊರಬೇಕು. ಲಾರಿಗೂ ಅದೇ ಮಾತು, ವಿಮಾನಕ್ಕೂ ಅದೇ ಮಾತು.